ಓಡುವುದು ಬೇರೆ, ಹೊರುವುದು ಬೇರೆ: ಹಳೆಯ ಜನರೇಟರ್ ಕೊಳ್ಳುವ ಮುನ್ನ

ಹೊಸನಗರ ತಾಲೂಕಿನ ಒಂದು ಒಂಟಿಮನೆ. ರಸ್ತೆಯಿಂದ ಮುಕ್ಕಾಲು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಅಂಚಿಗೆ. ಆಷಾಢದ ಗಾಳಿಗೆ ಎಲ್ಲೋ ಒಂದು ಮರ ಲೈನಿನ ಮೇಲೆ ಮಲಗಿದರೆ ಆ ಮನೆಗೆ ಕರೆಂಟ್ ಬರುವುದು ಎರಡನೆಯ ದಿನವೋ ನಾಲ್ಕನೆಯ ದಿನವೋ. ಮೆಸ್ಕಾಂನ ಲೈನ್‌ಮನ್‌ಗಳು ಮೊದಲು ಊರಿನ ಲೈನ್ ಸರಿಮಾಡುತ್ತಾರೆ, ಒಂಟಿಮನೆಯದು ಕೊನೆಗೆ. ಮನೆಯಲ್ಲಿ ನಾಲ್ಕು ಜನ. ಹಿರಿಯರೊಬ್ಬರಿಗೆ ದಿನಾ ಇನ್ಸುಲಿನ್ ಬೇಕು, ಅದು ಫ್ರಿಜ್‌ನಲ್ಲಿರಬೇಕು. 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯ ಮನೆ ಇನ್ವರ್ಟರ್ ಒಂದಿದೆ. ಮೊದಲ ರಾತ್ರಿ ಕಳೆಯುತ್ತದೆ, ಎರಡನೆಯ ರಾತ್ರಿ ಹನ್ನೊಂದಕ್ಕೆ ಕೂಗಿ ಸುಮ್ಮನಾಗುತ್ತದೆ.

ಸಾಗರದಲ್ಲಿ ಹಿಂದೆ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದವರೊಬ್ಬರ ಬಳಿ ಪೆಟ್ರೋಲ್ ಜನರೇಟರ್ ಇದೆ, 20,000 ರೂಪಾಯಿಗೆ ಕೊಡುತ್ತಾರೆ ಎಂಬ ಸುದ್ದಿ ಮೇ ತಿಂಗಳಲ್ಲಿ ಬಂತು. ಕೊಳ್ಳಬೇಕೇ, ಬೇಡವೇ? ಆ ತೀರ್ಮಾನಕ್ಕೆ ಬಂದ ದಾರಿ ಇಲ್ಲಿದೆ. ಹಳೆಯ ಜನರೇಟರ್ ನೋಡಲು ಹೋದವರೆಲ್ಲ ಕೇಳುವುದು "ಸ್ಟಾರ್ಟ್ ಆಗ್ತದಾ?" ಎಂದು. ಸ್ಟಾರ್ಟ್ ಆಗುವುದು ಎಂಜಿನ್ನಿನ ಗುಣ. ಕೊಳ್ಳುತ್ತಿರುವುದು ಕರೆಂಟ್. ಎಂಜಿನ್ ಚೆನ್ನಾಗಿ ಓಡುತ್ತಲೇ ಒಂದು ಬಲ್ಬನ್ನೂ ಹೊರಲಾರದ ಜನರೇಟರ್‌ಗಳು ಬೇಕಾದಷ್ಟಿವೆ.

ಮೊದಲು ಮನೆಯ ಲೆಕ್ಕ

ಯಂತ್ರ ನೋಡಲು ಹೊರಡುವ ಮೊದಲೇ ಎಲೆಕ್ಟ್ರಿಷಿಯನ್ ಒಬ್ಬರನ್ನು ಮನೆಗೆ ಕರೆಸಿ ಕ್ಲ್ಯಾಂಪ್ ಮೀಟರ್ ಹಿಡಿಸಿದ್ದು ಈ ಪ್ರಕರಣದಲ್ಲಿ ಆದ ಅತ್ಯಂತ ಒಳ್ಳೆಯ ಕೆಲಸ. ಎಲ್ಲ ಗೊಂದಲಕ್ಕೂ ಕಾರಣ ಬಾವಿಯ ಪಂಪು. 1 ಎಚ್‌ಪಿ ಮಾನೋಬ್ಲಾಕ್. ಓಡುವಾಗ 5.2 ಆಂಪಿಯರ್, ಅಂದರೆ ಸುಮಾರು 1.2 ಕೆವಿಎ (ವೋಲ್ಟು, ಆಂಪಿಯರ್ ಗುಣಿಸಿ ಸಾವಿರದಿಂದ ಭಾಗಿಸಿದ್ದು). "2 ಕೆವಿಎ ಜನರೇಟರ್ ಸಾಕಲ್ಲ" ಎಂದು ಮನೆಯವರು ಅಂದುಕೊಂಡದ್ದು ಈ ಅಂಕಿ ನೋಡಿಯೇ. ಆದರೆ ಸ್ವಿಚ್ ಹಾಕಿದ ಕ್ಷಣ ಮೀಟರ್ 27 ಆಂಪಿಯರ್ ತೋರಿಸಿತು. ನಿಂತ ಮೋಟಾರು ತಿರುಗಲು ಶುರುವಾಗುವಾಗ ಓಡುವಾಗಿನ ನಾಲ್ಕರಿಂದ ಆರು ಪಟ್ಟು ಕರೆಂಟ್ ಎಳೆಯುತ್ತದೆ. 27 ಆಂಪಿಯರನ್ನು 230 ವೋಲ್ಟಿಗೆ ಗುಣಿಸಿದರೆ 6.2 ಕೆವಿಎ. ಅರ್ಧ ಸೆಕೆಂಡಿನ ಮಾತೇ ಇರಬಹುದು, ಆದರೆ ಆ ಅರ್ಧ ಸೆಕೆಂಡು ದಾಟದೆ ಮೋಟಾರು ತಿರುಗುವುದಿಲ್ಲ. ತಿರುಗದ ಮೋಟಾರು ಅಷ್ಟೇ ಕರೆಂಟನ್ನು ಎಳೆಯುತ್ತಲೇ ಇರುತ್ತದೆ, ವೈಂಡಿಂಗ್ ಸುಡುತ್ತದೆ.

ಅರ್ಧ ಎಚ್‌ಪಿ ಪಂಪಿಗೆ ಬದಲಾಯಿಸಿದರೆ? ನೆರೆಮನೆಯಲ್ಲಿ ಅಂಥದ್ದೊಂದು ಇತ್ತು. ಅಳೆದು ನೋಡಿದರೆ ಓಡುವಾಗ 3.1, ಏಳುವಾಗ 14 ಆಂಪಿಯರ್. ಅದೂ 3.2 ಕೆವಿಎ ಆಯಿತು. 2 ಕೆವಿಎ ಯಂತ್ರಕ್ಕೆ ಬೇರೆಲ್ಲ ಲೋಡ್ ತೆಗೆದು ಕಟ್ಟಿದರೂ ಅದು ಅದೃಷ್ಟದ ಮಾತು.

ಹಾಗಾಗಿ ಪಂಪನ್ನು ಪಟ್ಟಿಯಿಂದಲೇ ಹೊಡೆದುಹಾಕಲಾಯಿತು. ಬಾವಿ 25 ಅಡಿ, ಮಳೆಗಾಲದಲ್ಲಿ ನೀರು ಕೈಗೆಟುಕುವಂತೆ ಮೇಲೆ ಬಂದಿರುತ್ತದೆ, ರಾಟೆ ಇನ್ನೂ ಇದೆ. ಗಾಳಿ ಎದ್ದ ದಿನವೇ ಅಟ್ಟದ ಮೇಲಿನ 1,000 ಲೀಟರ್ ಟ್ಯಾಂಕ್ ತುಂಬಿಸಿಟ್ಟರೆ ಎರಡು ದಿನಕ್ಕೆ ನೀರಿನ ಯೋಚನೆಯಿಲ್ಲ. ಪಂಪು ನಡೆಸಲೇಬೇಕೆಂದಿದ್ದರೆ 5 ಕೆವಿಎ ಮೇಲಿನ ಯಂತ್ರ ಬೇಕು. ಅದರ ಬೆಲೆ, ತೂಕ, ಪೆಟ್ರೋಲ್ ಎಲ್ಲವೂ ಬೇರೆಯೇ ಕಥೆ.

ಪಂಪು ಬಿಟ್ಟರೆ ಉಳಿದದ್ದು ಎಷ್ಟು? 190 ಲೀಟರ್ ಫ್ರಿಜ್ ಓಡುವಾಗ 120 ವಾಟ್, ಏಳುವಾಗ ಒಂದು ಕ್ಷಣ 800ರ ಆಸುಪಾಸು. ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗಲು 220ರಿಂದ 250 ವಾಟ್. 9 ವಾಟಿನ ಏಳು ಎಲ್‌ಇಡಿ ಬಲ್ಬು, ವೈಫೈ ಡಬ್ಬಿ, ಫೋನುಗಳು, ಒಂದು ಟಿವಿ. ಎಲ್ಲ ಸೇರಿ 500 ವಾಟ್. ಫ್ಯಾನು ಲೆಕ್ಕದಲ್ಲಿಲ್ಲ. ಜುಲೈ ತಿಂಗಳಲ್ಲಿ ಹೊಸನಗರದಲ್ಲಿ ಫ್ಯಾನು ಹಾಕುವವರು ಬಟ್ಟೆ ಒಣಗಿಸಲು ಹಾಕುತ್ತಾರೆ ಅಷ್ಟೆ.

ಇಲ್ಲಿಗೇ ಒಂದು ಪ್ರಶ್ನೆ ಎದ್ದಿತು. ಇಷ್ಟಕ್ಕೆ ಜನರೇಟರ್ ಯಾಕೆ, ಇನ್ವರ್ಟರಿಗೆ ಇನ್ನೂ ಒಂದು ಬ್ಯಾಟರಿ ಸೇರಿಸಿದರೆ ಆಗದೇ? ಆಗುತ್ತದೆ, ಎರಡನೆಯ ರಾತ್ರಿಗೆ. ಮೂರನೆಯ ರಾತ್ರಿಗೆ ಎರಡೂ ಬ್ಯಾಟರಿ ಖಾಲಿ, ತುಂಬಿಸಲು ಕರೆಂಟಿಲ್ಲ. ಸೋಲಾರ್ ಫಲಕಕ್ಕೆ ಆ ದಿನಗಳಲ್ಲಿ ಬಿಸಿಲಿಲ್ಲ. ಕರೆಂಟ್ ಒಂದು ದಿನದೊಳಗೆ ಬರುವ ಊರಾದರೆ ಬ್ಯಾಟರಿಯೇ ಜಾಣತನ, ಜನರೇಟರ್ ಸುಮ್ಮನೆ ಗಲಾಟೆ. ಈ ಮನೆಯದು ಮೂರು ನಾಲ್ಕು ದಿನದ ಸಮಸ್ಯೆಯಾದ್ದರಿಂದ ಜನರೇಟರಿಗೆ ಒಂದು ಕೆಲಸ ಸಿಕ್ಕಿತು: ರಾತ್ರಿಯೆಲ್ಲ ಓಡುವುದಲ್ಲ, ದಿನಕ್ಕೆ ನಾಲ್ಕೂವರೆ ಗಂಟೆ ಓಡಿ ಬ್ಯಾಟರಿ ತುಂಬಿಸುವುದು, ಫ್ರಿಜ್ ತಣ್ಣಗೆ ಮಾಡುವುದು. 12 ಆಂಪಿಯರಿನಲ್ಲಿ ನಾಲ್ಕೂವರೆ ಗಂಟೆ ಚಾರ್ಜ್ ಆದರೆ 54 ಎಎಚ್, 12 ವೋಲ್ಟಿನ ಬ್ಯಾಟರಿಯಲ್ಲಿ ಅಂದರೆ 650 ವಾಟ್‌ಗಂಟೆ. ಬ್ಯಾಟರಿ ಮತ್ತು ಇನ್ವರ್ಟರ್ ನುಂಗುವುದನ್ನು ಕಳೆದರೆ ಕೈಗೆ ಸಿಗುವುದು 470. ರಾತ್ರಿಗೆ 60 ವಾಟಿನಂತೆ ಎಂಟು ಗಂಟೆಗೆ ಬೇಕಾದದ್ದು 480. ಸರಿಹೋಯಿತು.

ಸಾಗರದ ಯಂತ್ರ

ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಹೆಸರಿರುವ ಕಂಪನಿಯ ಫೋರ್ ಸ್ಟ್ರೋಕ್ ಎಂಜಿನ್, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಮಾದರಿ. ಬರೀ ಪೆಟ್ರೋಲಿನದು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಹಳೆಯ ಯಂತ್ರಗಳು ಈಗಲೂ ಅಗ್ಗಕ್ಕೆ ಸಿಗುತ್ತವೆ, ಆದರೆ ಸೊಸೈಟಿಯಲ್ಲಿ ಸೀಮೆಎಣ್ಣೆ ಸಿಗುವ ಕಾಲ ಹೋಯಿತು. ಹೆಸರಿನ ತಗಡಿನ ಮೇಲೆ ಬರೆದದ್ದು: ಗರಿಷ್ಠ 2.0 ಕೆವಿಎ, ನಿರಂತರ 1.7 ಕೆವಿಎ, 230 ವೋಲ್ಟ್, 50 ಹರ್ಟ್ಜ್. ಮಾರುವವರು ಹೇಳುವುದು ಯಾವಾಗಲೂ ದೊಡ್ಡ ಅಂಕಿ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಸಣ್ಣದು. ಶಬ್ದದ ಅಂಕಿ 86 ಡೆಸಿಬೆಲ್. ಪೆಟ್ರೋಲ್, ಸೀಮೆಎಣ್ಣೆ ಜನರೇಟರ್‌ಗಳಿಗೆ 2003ರ ಸೆಪ್ಟೆಂಬರಿನಿಂದ ಇರುವ ಮಿತಿಯೇ ಅದು. ಆ ಗುರುತೇ ಇಲ್ಲದಿದ್ದರೆ ಯಂತ್ರ ಅದಕ್ಕಿಂತ ಹಳೆಯದಿರಬಹುದು, ಅಥವಾ ತಗಡು ಬೇರೆಲ್ಲಿಂದಲೋ ಬಂದಿರಬಹುದು.

"ಎರಡೂವರೆ ವರ್ಷದಿಂದ ಮುಟ್ಟೇ ಇಲ್ಲ ಮಾರಾಯ್ರೇ, ಹೊಸದರ ಹಾಗೇ ಇದೆ," ಎಂದರು ಅಂಗಡಿಯವರು.

"ಮುಟ್ಟದೇ ಇಟ್ಟಿದ್ದೇ ಹೆದರಿಕೆ ಅಣ್ಣಾ," ಎಂದರು ಜೊತೆಗೆ ಹೋಗಿದ್ದ ಎಲೆಕ್ಟ್ರಿಷಿಯನ್. "ಟ್ಯಾಂಕ್ ಖಾಲಿ ಮಾಡಿ ಇಟ್ಟಿದ್ರಾ?"

ಇಟ್ಟಿರಲಿಲ್ಲ. ಯಾರೂ ಇಡುವುದಿಲ್ಲ. ಕಾರು ಸ್ಕೂಟರಿನಲ್ಲಿ ಕಡಿಮೆ ಓಡಿದ್ದು ಎಂದರೆ ಬೆಲೆ ಏರುತ್ತದೆ. ಜನರೇಟರಿನಲ್ಲಿ ವಾರಕ್ಕೆ ಎರಡು ಬಾರಿ ಓಡಿದ ಎಂಟು ವರ್ಷದ ಯಂತ್ರವು ಮೂಲೆಯಲ್ಲಿ ಕೂತ ಮೂರು ವರ್ಷದ ಯಂತ್ರಕ್ಕಿಂತ ಆರೋಗ್ಯವಾಗಿರುವುದು ಹೆಚ್ಚು. ಕಾರ್ಬರೇಟರಿನಲ್ಲಿ ನಿಂತ ಪೆಟ್ರೋಲ್ ಆರಿ ಅಂಟಾಗುತ್ತದೆ, ಪೆಟ್ರೋಲ್ ಚಿಮ್ಮುವ ಜೆಟ್ಟಿನ ಕೂದಲೆಳೆಯಷ್ಟು ಸಣ್ಣ ರಂಧ್ರ ಮುಚ್ಚುತ್ತದೆ. ಈಗಿನ 20% ಎಥನಾಲ್ ಬೆರೆತ ಪೆಟ್ರೋಲ್ ಇನ್ನೂ ಒಂದು ಹೆಜ್ಜೆ ಮುಂದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ತೇವ ಹೆಚ್ಚಾದರೆ ನೀರಿನೊಡನೆ ಬೇರೆಯಾಗಿ ತಳಕ್ಕಿಳಿಯುತ್ತದೆ, ಹಳೆಯ ರಬ್ಬರ್ ಪೈಪನ್ನು ಉಬ್ಬಿಸುತ್ತದೆ.

ಫೋನಿನಲ್ಲಿ ಮಾತಾಡುವಾಗಲೇ "ನಾವು ಬರುವ ಮುಂಚೆ ಸ್ಟಾರ್ಟ್ ಮಾಡ್ಬೇಡಿ" ಎಂದು ಹೇಳಲಾಗಿತ್ತು. ಹೋದವರು ಮಾಡಿದ ಮೊದಲ ಕೆಲಸ ಸೈಲೆನ್ಸರ್ ಮುಟ್ಟಿ ನೋಡಿದ್ದು. ತಣ್ಣಗಿತ್ತು. ಬಿಸಿ ಎಂಜಿನ್ ಯಾರು ಎಳೆದರೂ ಏಳುತ್ತದೆ. ಬಿಟ್ಟ ವಾಲ್ವ್, ಸೋತ ರಿಂಗ್, ಸ್ಟಾರ್ಟ್ ಆಗುವಾಗಿನ ಹೊಗೆ ಇವೆಲ್ಲ ಗೊತ್ತಾಗುವುದು ತಣ್ಣಗಿನ ಎಂಜಿನ್ನಿನಲ್ಲಿ ಮಾತ್ರ.

ಸ್ಟಾರ್ಟ್ ಮಾಡುವ ಮೊದಲು ಇಪ್ಪತ್ತು ನಿಮಿಷ ನೋಡುವುದರಲ್ಲೇ ಹೋಯಿತು. ಆಯಿಲ್ ಕಡ್ಡಿ ತೆಗೆದರೆ ಕಪ್ಪು ಎಣ್ಣೆ, ಮಟ್ಟ ಸರಿ. ಕಪ್ಪಿದ್ದರೆ ಚಿಂತೆಯಿಲ್ಲ, ಬದಲಾಯಿಸಿಲ್ಲ ಎಂದಷ್ಟೇ ಅರ್ಥ. ಹಾಲು ಬೆರೆತ ಕಾಫಿಯಂತಿದ್ದರೆ ನೀರು ಸೇರಿದೆ. ಪೆಟ್ರೋಲ್ ವಾಸನೆ ಹೊಡೆದು ಮಟ್ಟ ಮೇಲೆ ಬಂದಿದ್ದರೆ ಕಾರ್ಬರೇಟರಿನ ಫ್ಲೋಟ್ ಸೂಜಿ ಹಿಡಿಯುತ್ತಿಲ್ಲ, ಪೆಟ್ರೋಲ್ ಒಳಗಿಳಿದು ಎಣ್ಣೆಯನ್ನು ತೆಳುವಾಗಿಸಿದೆ. ಬೆರಳಿಗೆ ತಿಕ್ಕಿ ಬಿಸಿಲಿಗೆ ಹಿಡಿದಾಗ ಮಿಣುಕು ಕಂಡರೆ ಬೇರಿಂಗ್ ಸವೆದಿದೆ, ಅಲ್ಲಿಗೇ ನಮಸ್ಕಾರ ಹೇಳಿ ಹೊರಡಬಹುದು. ಇಲ್ಲಿ ಮೂರೂ ಇರಲಿಲ್ಲ. ಏರ್ ಫಿಲ್ಟರಿನ ಸ್ಪಂಜು ಮುಟ್ಟಿದರೆ ಪುಡಿಯಾಯಿತು. ಇದು ಸಣ್ಣ ಸಂಗತಿಯಲ್ಲ. ಸ್ಪಂಜಿಲ್ಲದೆ ಓಡಿದ ಎಂಜಿನ್ ಧೂಳು ನುಂಗಿ ಪಿಸ್ಟನ್ ರಿಂಗ್ ತಿಂದುಕೊಂಡಿರುತ್ತದೆ. ಆದರೆ ಈ ಸ್ಪಂಜು ಜಾಗದಲ್ಲೇ ಇತ್ತು, ವಯಸ್ಸಿಗೆ ಹುಡಿಯಾಗಿದೆ, ಹಿಂದಿನ ಗೋಡೆ ಸ್ವಚ್ಛವಿದೆ. ಪ್ಲಗ್ಗಿನ ತುದಿ ಒಣ ಮಸಿ, ಎಣ್ಣೆ ಪಸೆಯಿಲ್ಲ.

ಹಗ್ಗವನ್ನು ಜೋರಾಗಿ ಎಳೆಯದೆ ನಿಧಾನ ಎಳೆದು ನೋಡಿದಾಗ ಒಂದು ಕಡೆ ಗಟ್ಟಿಯಾಗಿ ತಡೆಯಿತು, ದಾಟಿದ ಮೇಲೆ ಸಡಿಲ. ಕಂಪ್ರೆಷನ್ ಇದೆ. ಇದಕ್ಕೆ ಗೇಜ್ ಹಿಡಿದು ನೋಡುವವರಿದ್ದಾರೆ. ಈ ಬಗೆಯ ಎಂಜಿನ್‌ಗಳಲ್ಲಿ ಹಗ್ಗ ಸುಲಭವಾಗಿ ಬರಲಿ ಎಂದು ಸ್ಟಾರ್ಟ್ ಮಾಡುವಾಗ ವಾಲ್ವನ್ನು ತುಸು ತೆರೆದಿಡುವ ವ್ಯವಸ್ಥೆ ಇರುವುದರಿಂದ ಗೇಜಿನ ಅಂಕಿ ಕಡಿಮೆಯೇ ಬರುತ್ತದೆ. ಅದನ್ನು ನೋಡಿ ಒಳ್ಳೆಯ ಎಂಜಿನ್ ಬಿಟ್ಟವರೂ ಇದ್ದಾರೆ.

ಕಾರ್ಬರೇಟರಿನ ತಳದ ಸ್ಕ್ರೂ ಬಿಚ್ಚಿ ಗಾಜಿನ ಬಾಟಲಿ ಹಿಡಿದರೆ ನಾಲ್ಕು ಚಮಚದಷ್ಟು ಬಂತು. ಕಡಕ್ ಚಹಾದ ಬಣ್ಣ, ವಾರ್ನಿಷ್ ವಾಸನೆ. ಬಾಟಲಿಯನ್ನು ಎರಡು ನಿಮಿಷ ಅಲ್ಲಾಡಿಸದೆ ಇಟ್ಟರೆ ತಳದಲ್ಲಿ ಒಂದು ಗೆರೆ ಮೂಡಿತು: ಮೇಲೆ ಚಹಾ, ಕೆಳಗೆ ಒಂದು ಬೆರಳಿನಷ್ಟು ತಿಳಿ ನೀರು, ಅದರಲ್ಲಿ ಬಿಳಿಯ ಪುಡಿ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟರೆ ಪೆಟ್ರೋಲ್ ಮಟ್ಟದ ಮೇಲೆ ನಸುಗೆಂಪು ಚುಕ್ಕೆಗಳು. ಪದರ ಏಳುವಷ್ಟು ತುಕ್ಕು ಹಿಡಿದಿರಲಿಲ್ಲ.

ಹಳೆಯದನ್ನು ಚೆಲ್ಲಿ ಅರ್ಧ ಲೀಟರ್ ಹೊಸ ಪೆಟ್ರೋಲ್ ಹಾಕಿ ಎಳೆದರೆ ಒಂಬತ್ತನೆಯ ಎಳೆತಕ್ಕೆ ಎದ್ದಿತು. ಎದ್ದರೂ ಏರುತ್ತ ಇಳಿಯುತ್ತ ಗುಂಯ್‌ಗುಡುತ್ತಿತ್ತು. ಚೋಕ್ ಅರ್ಧ ಎಳೆದರೆ ನಿಂತು ಓಡುತ್ತದೆ, ಪೂರ್ತಿ ಬಿಟ್ಟರೆ ಮತ್ತೆ ಕುಣಿತ. ಮುಖ್ಯ ಜೆಟ್ ಅರ್ಧ ಮುಚ್ಚಿದೆ ಎನ್ನಲು ಬೇರೆ ಸಾಕ್ಷಿ ಬೇಡ. ಹೊಗೆ ನೀಲಿಯಿಲ್ಲ, ಮೊದಲ ಅರ್ಧ ನಿಮಿಷದ ಬಿಳಿ ಹಬೆ ಆಮೇಲೆ ನಿಂತಿತು. ನೀಲಿ ಹೊಗೆ ಬಿಸಿಯಾದ ಮೇಲೂ ಉಳಿದರೆ ರಿಂಗ್ ಕೆಲಸ. ಅದರ ಖರ್ಚು ಇಂಥ ಯಂತ್ರದ ಬೆಲೆಯ ಹತ್ತಿರ ಹೋಗುತ್ತದೆ.

ಸೊನ್ನೆಯಲ್ಲ, ಆರು ವೋಲ್ಟ್

ಅಂಗಡಿಯವರ ಮುಖ ಅರಳಿತ್ತು. ಮಲ್ಟಿಮೀಟರ್ ಚುಚ್ಚಿದರೆ 6 ವೋಲ್ಟ್.

ಇಲ್ಲಿ ಬಹಳ ಜನ ಯಂತ್ರ ಬಿಟ್ಟು ಹೋಗುತ್ತಾರೆ, ಇಲ್ಲವೇ ಮಾರುವವರು "ವೈಂಡಿಂಗ್ ಹೋಯ್ತು" ಎಂದು ಗುಜರಿಗೆ ಹಾಕುತ್ತಾರೆ. ಆದರೆ 6 ವೋಲ್ಟ್ ಒಂದು ಒಳ್ಳೆಯ ಸುದ್ದಿ. ಕರೆಂಟ್ ಹುಟ್ಟಲು ತಿರುಗುವ ಭಾಗದಲ್ಲಿ ಸ್ವಲ್ಪ ಅಯಸ್ಕಾಂತ ಗುಣ ಉಳಿದಿರಬೇಕು. ಅದು ಉಳಿದಿದ್ದರೆ ಮೂರರಿಂದ ಹತ್ತು ವೋಲ್ಟ್ ತಾನಾಗಿ ಬರುತ್ತದೆ, ಆ ಚೂರನ್ನೇ ಹಿಡಿದು 230ಕ್ಕೆ ಬೆಳೆಸುವುದು ಈ ಯಂತ್ರದಲ್ಲಿ ಒಂದು ಕೆಪಾಸಿಟರಿನ ಕೆಲಸ. ಬೀಜವಿದೆ, ಬೆಳೆಯುತ್ತಿಲ್ಲ, ಅಷ್ಟೆ. ಪೂರ್ತಿ ಸೊನ್ನೆ ತೋರಿಸಿದ್ದರೆ ಬೀಜವೇ ಇಲ್ಲ, ಅಥವಾ ವೈಂಡಿಂಗ್ ಕಡಿದಿದೆ. ಬ್ರಷ್ ಇರುವ, ಎವಿಆರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಡಬ್ಬಿ) ಇರುವ ಯಂತ್ರಗಳಲ್ಲಾದರೆ ಇದೇ ಲಕ್ಷಣಕ್ಕೆ ಸವೆದ ಬ್ರಷ್ ಅಥವಾ ಸುಟ್ಟ ಎವಿಆರ್ ಕಾರಣ.

ಎಂಜಿನ್ ನಿಲ್ಲಿಸಿ, ಹಿಂದಿನ ಮುಚ್ಚಳ ಬಿಚ್ಚಿ, ಕೆಪಾಸಿಟರಿನ ಎರಡು ತುದಿಗೆ ಹಳೆಯ ಫಿಲಮೆಂಟ್ ಬಲ್ಬು ಹಾಕಿದ ಹೋಲ್ಡರಿನ ವೈರ್ ಮುಟ್ಟಿಸಿ ಒಳಗಿನ ಕರೆಂಟ್ ಇಳಿಸಿದ ಮೇಲೆಯೇ ಕೈಹಾಕಿದ್ದು. ಮರೆತು ಮುಟ್ಟಿದರೆ ನಿಂತ ಯಂತ್ರವೂ ಒದೆಯುತ್ತದೆ. ಮೇಲೆ ಬರೆದದ್ದು 25 ಮೈಕ್ರೋಫ್ಯಾರಡ್, ಮೀಟರ್ ತೋರಿಸಿದ್ದು 3. ಸಾಗರದ ಪೇಟೆಯಲ್ಲೇ 450 ವೋಲ್ಟಿನ, ಅದೇ ಅಳತೆಯ ಕೆಪಾಸಿಟರ್ ಸಿಕ್ಕಿತು. ಹಣ ಅಂಗಡಿಯವರೇ ಕೊಟ್ಟರು. "ಬಂದ್ರೆ ನನ್ನ ಯಂತ್ರಕ್ಕೆ ಬೆಲೆ, ಬರ್ಲಿಲ್ಲ ಅಂದ್ರೆ ನಿಮ್ಗೇನು ನಷ್ಟ" ಎಂದರು. ನ್ಯಾಯವಾದ ಮಾತು. ಅಳತೆ ಮಾತ್ರ ಅದೇ ಇರಬೇಕು: ಹೆಚ್ಚಿನದು ಹಾಕಿದರೆ ವೋಲ್ಟೇಜ್ ಏರಿ ಬಲ್ಬು ಟಿವಿ ಸುಡುತ್ತವೆ.

ಮತ್ತೆ ಎಳೆದಾಗ ಮೀಟರ್ 232 ತೋರಿಸಿತು. ಫ್ರೀಕ್ವೆನ್ಸಿ 52 ಹರ್ಟ್ಜ್.

ಈ ಎರಡನೆಯ ಅಂಕಿ ನೋಡದೆ ಯಾವ ಜನರೇಟರನ್ನೂ ಕೊಳ್ಳಬಾರದು. ಹರ್ಟ್ಜ್ ತೋರಿಸುವ ಮಲ್ಟಿಮೀಟರ್ ಒಯ್ಯಿರಿ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ 50 ಹರ್ಟ್ಜ್. ಲೋಡ್ ಬಿದ್ದಾಗ ತುಸು ಇಳಿಯುವುದರಿಂದ ಖಾಲಿ ಓಡುವಾಗ 51.5ರಿಂದ 52.5 ಇರುವಂತೆ, ಎಂಜಿನ್ನಿನ ವೇಗ ಹಿಡಿದಿಡುವ ಗವರ್ನರನ್ನು ಕಟ್ಟಿರುತ್ತಾರೆ. ಇದು ಯಾಕೆ ಮುಖ್ಯ ಎಂಬುದು ಅದೇ ವಾರ ನೋಡಿದ ಇನ್ನೊಂದು ಯಂತ್ರದಲ್ಲಿ ತಿಳಿಯಿತು. ರಿಪೇರಿ ಅಂಗಡಿಯೊಂದರಲ್ಲಿದ್ದ, ಹೊಸ ಬಣ್ಣ ಹೊಡೆದ, 2.5 ಕೆವಿಎ ಎನ್ನುವ ಯಂತ್ರ, ಬೆಲೆ 16,000. ಹೋದಾಗಲೇ ಸೈಲೆನ್ಸರ್ ಬಿಸಿ. ಬಣ್ಣ ಬೋಲ್ಟಿನ ತಲೆಯ ಮೇಲೂ ಹರಿದಿತ್ತು, ಹೆಸರಿನ ತಗಡಿನ ರಿವೆಟ್ಟುಗಳು ಮಾತ್ರ ಮಿರಮಿರ ಹೊಳೆಯುತ್ತಿದ್ದವು, ಬಿಲ್ ಇರಲಿಲ್ಲ. ಮೊದಲ ಎಳೆತಕ್ಕೆ ಎದ್ದಿತು. ವೋಲ್ಟೇಜ್ 231, ಯಾರು ನೋಡಿದರೂ ಮೆಚ್ಚಬೇಕು. ಹರ್ಟ್ಜ್ 57! ಸೋತ ವೈಂಡಿಂಗಿನಿಂದ 230 ವೋಲ್ಟ್ ಹಿಂಡಲು ಗವರ್ನರಿನ ಸ್ಕ್ರೂ ಬಿಗಿದು ಎಂಜಿನ್ನನ್ನು 3,400 ಸುತ್ತಿಗೆ ಏರಿಸಿದ್ದರು. 1,000 ವಾಟ್ ಲೋಡ್ ಕೊಟ್ಟ ಕೂಡಲೇ 188 ವೋಲ್ಟ್, 47 ಹರ್ಟ್ಜ್, ಜೊತೆಗೆ ನೀಲಿ ಹೊಗೆ. ಬರೀ ವೋಲ್ಟ್ ಮೀಟರ್ ನೋಡಿದ್ದರೆ ಅದೇ ಒಳ್ಳೆಯ ಯಂತ್ರ ಎಂದು ತಂದುಬಿಡುವ ಸಾಧ್ಯತೆ ಪೂರಾ ಇತ್ತು.

ಬಕೆಟ್ ಪರೀಕ್ಷೆ

ಲೋಡ್ ಪರೀಕ್ಷೆಗೆ ಬೇಕಾದದ್ದು ನೀರು ಕಾಯಿಸುವ ರಾಡ್, ಬಕೆಟ್ ನೀರು, ಅಷ್ಟೆ. ಒಂದು 1,000 ವಾಟಿನದು, ಒಂದು 500 ವಾಟಿನದು ಇದ್ದರೆ ಹಂತ ಹಂತವಾಗಿ ಏರಿಸಬಹುದು. ಇಸ್ತ್ರಿ ಪೆಟ್ಟಿಗೆ ಬೇಡ, ಬಿಸಿಯಾದ ಕೂಡಲೇ ತಾನೇ ಆರುತ್ತದೆ. ಬಲ್ಬು ಹಾಕಿ ತೋರಿಸಿ "ನೋಡಿ ಉರೀತು" ಎನ್ನುವುದಕ್ಕೆ ಅರ್ಥವೇ ಇಲ್ಲ, 9 ವಾಟಿನ ಎಲ್‌ಇಡಿಯನ್ನು ಆಟಿಕೆಯೂ ಉರಿಸುತ್ತದೆ.

ಸಾಗರದ ಯಂತ್ರಕ್ಕೆ ರಾಡ್ ಕಟ್ಟಿದಾಗ, ಅರ್ಧ ಚೋಕಿನಲ್ಲೇ, 1,000 ವಾಟಿಗೆ 219 ವೋಲ್ಟ್, 50.3 ಹರ್ಟ್ಜ್. 1,500 ವಾಟಿಗೆ 208 ವೋಲ್ಟ್, 49.2. ಲೋಡ್ ಬಿದ್ದ ಕ್ಷಣ ಎಂಜಿನ್ ಒಮ್ಮೆ ಸೊರಗಿ ಎರಡು ಸೆಕೆಂಡಿನಲ್ಲಿ ಸುಧಾರಿಸಿಕೊಂಡಿತು. ಹಾಗೇ 25 ನಿಮಿಷ ಬಿಡಲಾಯಿತು. ಸೋತ ವೈಂಡಿಂಗ್ ಮೊದಲ ಐದು ನಿಮಿಷ ಸರಿಯಾಗಿಯೇ ಇರುತ್ತದೆ, ಬಿಸಿಯಾದ ಮೇಲೆ ವೋಲ್ಟೇಜ್ ಜಾರುತ್ತದೆ, ಸುಟ್ಟ ಅರಗಿನ ವಾಸನೆ ಬರುತ್ತದೆ. ಇಲ್ಲಿ 208 ಇದ್ದದ್ದು 206ಕ್ಕೆ ನಿಂತಿತು. ಕೊನೆಗೆ 500 ವಾಟಿನ ರಾಡ್ ತೆಗೆದು, ಐದು ನಿಮಿಷದಿಂದ ಆರಿಸಿಟ್ಟಿದ್ದ ಅಂಗಡಿಯವರ ಮನೆಯ ಫ್ರಿಜ್ಜನ್ನೇ ಕಟ್ಟಿ ನೋಡಲಾಯಿತು. ಒಮ್ಮೆ ಗುಂಯ್ ಎಂದಿತು, ಎದ್ದಿತು.

ಕೆಪಾಸಿಟರ್ ಮಾದರಿಯ ಈ ಯಂತ್ರಗಳು ರಾಡ್, ಬಲ್ಬು, ಫ್ರಿಜ್‌ಗಳಿಗೆ ಒಳ್ಳೆಯ ಎತ್ತುಗಳು. ಮೋಟಾರಿನ ದೊಡ್ಡ ಎಳೆತಕ್ಕೆ ಮಾತ್ರ ವೋಲ್ಟೇಜ್ ಕುಸಿದು ಕೂತುಬಿಡುತ್ತದೆ. ಪಂಪನ್ನು ಪಟ್ಟಿಯಿಂದ ಹೊಡೆದದ್ದು ಎಷ್ಟು ಸರಿ ಎಂದು ಇನ್ನೊಮ್ಮೆ ಖಾತ್ರಿಯಾಯಿತು.

ಬೆಲೆ

ಮನೆಯವರು ಹೊರಡುವಾಗಲೇ ಒಂದು ಅಂಕಿ ಚೀಟಿಯಲ್ಲಿ ಬರೆದಿಟ್ಟಿದ್ದರು: ಎಲ್ಲ ಸೇರಿ 17,000 ಮೀರಿದರೆ ಬೇಡ. ಕಾರ್ಬರೇಟರ್ ಬಿಚ್ಚಿ ತೊಳೆದು ಹೊಸ ಸೂಜಿ, ಗ್ಯಾಸ್ಕೆಟ್ ಹಾಕಲು 850. ಪೆಟ್ರೋಲ್ ಪೈಪು, ಜರಡಿ, ಏರ್ ಫಿಲ್ಟರ್ ಸ್ಪಂಜು 180. ಪ್ಲಗ್ 140. 600 ಮಿಲಿಲೀಟರ್ ಆಯಿಲ್ 320. ನೂಲು ಎದ್ದ ಹಗ್ಗ ಬದಲಿಸಲು 160. ಇದು 1,650. ಮನೆಯಲ್ಲಿ ಮಾಡಬೇಕಾದ ಕೆಲಸ ಇದಕ್ಕಿಂತ ಹೆಚ್ಚಿನದು: ಎರಡು ಪೋಲಿನ 32 ಆಂಪಿಯರ್ ಚೇಂಜ್‌ಓವರ್ ಸ್ವಿಚ್ 750, ಮೂರೆಳೆಯ 2.5 ಚದರ ಮಿಲಿಮೀಟರ್ ವೈರ್ 15 ಮೀಟರ್ 1,650, ಕೂಲಿ 1,000. ಒಟ್ಟು 3,400. ಈ ಎರಡನೆಯ ಭಾಗವನ್ನು ಹಳೆಯ ಜನರೇಟರ್ ಕೊಳ್ಳುವ ಬಹುತೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಚಹಾ ಬಣ್ಣದ ಪೆಟ್ರೋಲಿನ ಬಾಟಲಿಯನ್ನು ಮಧ್ಯೆ ಇಟ್ಟುಕೊಂಡೇ ಮಾತುಕತೆ ನಡೆಯಿತು. 20,000 ಇದ್ದದ್ದು 11,500ಕ್ಕೆ ನಿಂತಿತು. ಒಟ್ಟು ಖರ್ಚು 16,550. ಮೂಲ ಬಿಲ್ ಸಿಕ್ಕಿತು. ಜನರೇಟರಿಗೆ ಗಾಡಿಯ ಹಾಗೆ ಆರ್‌ಸಿ ಪುಸ್ತಕವಿಲ್ಲ, ಕದ್ದ ಮಾಲು ಕೈಬದಲಾಗುವುದು ಸುಲಭ. ಹಾಗಾಗಿ ಬಿಲ್ಲಿನ ನಂಬರನ್ನು ಎಂಜಿನ್ ಮೇಲೆ ಕೊರೆದ ನಂಬರಿಗೆ ತಾಳೆ ನೋಡಿ, ಅದೇ ನಂಬರ್ ಬರೆದು ಮಾರಾಟದ ಚೀಟಿಗೆ ಸಹಿ ಹಾಕಿಸಿಕೊಳ್ಳಲಾಯಿತು.

ಓಡಿಸುವ ಖರ್ಚನ್ನೂ ಅಳೆಯಲಾಯಿತು. ಕಾರ್ಬರೇಟರ್ ತೊಳೆದ ಮೇಲೆ ಒಂದು ಲೀಟರ್ ಪೆಟ್ರೋಲಿಗೆ 500 ವಾಟ್ ಲೋಡಿನಲ್ಲಿ 1 ಗಂಟೆ 35 ನಿಮಿಷ ಓಡಿತು. ದಿನಕ್ಕೆ ನಾಲ್ಕೂವರೆ ಗಂಟೆಗೆ 2.8 ಲೀಟರ್, 290 ರೂಪಾಯಿ. ಯೂನಿಟ್ ಲೆಕ್ಕ ಹಾಕಿದರೆ 130 ರೂಪಾಯಿ ಬೀಳುತ್ತದೆ. ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದ ಮನೆಯವರಿಗೆ ಇದು ಕೇಳಿಸಿಕೊಳ್ಳುವುದೂ ಕಷ್ಟ. 1,500 ವಾಟ್ ಕೊಟ್ಟರೆ ಯೂನಿಟ್ಟಿಗೆ ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಈ ಎಂಜಿನ್ ಲೋಡ್ ಇದ್ದರೂ ಇಲ್ಲದಿದ್ದರೂ ಅದೇ 3,000 ಸುತ್ತು ತಿರುಗುತ್ತಿರಬೇಕು. ಹಾಗಂತ ಇಲ್ಲದ ಲೋಡನ್ನು ಹುಡುಕಿ ಕಟ್ಟುವುದೂ ಸಲ್ಲದು. ವರ್ಷಕ್ಕೆ ಹತ್ತು ದಿನ ಎಂದುಕೊಂಡರೆ 2,900 ರೂಪಾಯಿ, ಇನ್ಸುಲಿನ್ ಇರುವ ಮನೆಗೆ ಒಪ್ಪಬಹುದಾದ ಖರ್ಚು.

ಎಲ್ಲಿಡುವುದು, ಹೇಗೆ ಕಟ್ಟುವುದು

ಮಳೆ ಎಂದು ಜನರೇಟರನ್ನು ಜಗಲಿಯಲ್ಲೋ ಸೌದೆ ಕೊಟ್ಟಿಗೆಯಲ್ಲೋ ಇಡಬೇಕು ಅನ್ನಿಸುತ್ತದೆ. ಅಲ್ಲೇ ಅಪಾಯ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದು ಮಲಗಿದವರು ಏಳುವುದಿಲ್ಲ. ಬಾಗಿಲು ಕಿಟಕಿ ತೆರೆದಿಟ್ಟರೆ ಸಾಕು ಎನ್ನುವುದು ತಪ್ಪು. ಮನೆಯಿಂದ 20 ಅಡಿ ದೂರ, ಸೈಲೆನ್ಸರಿನ ಬಾಯಿ ಮನೆಗೆ ಬೆನ್ನುಮಾಡಿ, ನಾಲ್ಕೂ ಕಡೆ ತೆರೆದ ತಗಡಿನ ಚಪ್ಪರದಡಿ, ಕಲ್ಲಿನ ಕಟ್ಟೆಯ ಮೇಲೆ. 15 ಮೀಟರ್ ವೈರ್ ಕೊಂಡದ್ದು ಇದಕ್ಕೇ.

ಇನ್ನೊಂದು, ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಚಾಳಿ. ಮೇನ್ ಆಫ್ ಮಾಡಲು ಒಮ್ಮೆ ಮರೆತರೆ ಜನರೇಟರಿನ 230 ವೋಲ್ಟ್ ಲೈನಿಗೆ ಹರಿದು, ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ಉಲ್ಟಾ ಏರಿ, 11 ಕೆವಿ ತಂತಿಗೆ ಸಾವಿರಾರು ವೋಲ್ಟ್ ಆಗಿ ಹತ್ತುತ್ತದೆ. ಕರೆಂಟಿಲ್ಲ ಎಂದು ನಂಬಿ ಆ ತಂತಿ ಹಿಡಿದಿರುವುದು ಮರ ಕಡಿದು ಲೈನ್ ಸರಿಮಾಡಲು ಬಂದ ಅದೇ ಲೈನ್‌ಮನ್. ಚೇಂಜ್‌ಓವರ್ ಸ್ವಿಚ್ ಇದ್ದರೆ ಮೆಸ್ಕಾಂ ಇಲ್ಲವೇ ಜನರೇಟರ್, ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಫೇಸ್ ಒಂದನ್ನೇ ಅಲ್ಲ, ನ್ಯೂಟ್ರಲನ್ನೂ ಬದಲಿಸುವ ಎರಡು ಪೋಲಿನದೇ ಬೇಕು.

ಕಟ್ಟಿದ ದಿನ ಟೆಸ್ಟರ್ ಹಿಡಿದರೆ ಸಾಕೆಟ್ಟಿನ ಎರಡೂ ತೂತಿನಲ್ಲಿ ಮಂದವಾಗಿ ಉರಿಯಿತು. ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಎಲ್ಲಿಗೂ ಕಟ್ಟಿರುವುದಿಲ್ಲ, ತೇಲುತ್ತಿರುತ್ತದೆ. ಹಾಗೇ ಬಿಟ್ಟರೆ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಶಾಕ್ ಹೊಡೆದಾಗ ಬೀಳುವುದಿಲ್ಲ. ಎಲೆಕ್ಟ್ರಿಷಿಯನ್ ಜನರೇಟರಿನ ಬಳಿಯೇ ನ್ಯೂಟ್ರಲನ್ನು ಅರ್ಥಿಂಗಿಗೆ ಸೇರಿಸಿದ ಮೇಲೆ ಟೆಸ್ಟರ್ ಒಂದೇ ಕಡೆ ಉರಿಯಿತು. ಮನೆಯವರು ತಾವಾಗಿ ಮಾಡುವ ಕೆಲಸವಲ್ಲ ಇದು.

ಇಡುವ ಕ್ರಮ ಈಗ ಹೀಗಿದೆ: ಕೆಲಸ ಮುಗಿದ ಮೇಲೆ ಸ್ವಿಚ್ಚಿನಿಂದ ಆರಿಸುವುದಿಲ್ಲ. ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬರೇಟರಿನಲ್ಲಿರುವುದು ಮುಗಿದು ತಾನೇ ನಿಲ್ಲುವವರೆಗೆ ಓಡಲು ಬಿಡುತ್ತಾರೆ. ತಿಂಗಳಿಗೊಮ್ಮೆ ರಾಡ್ ಕಟ್ಟಿ 20 ನಿಮಿಷ. ದೀಪಾವಳಿ ಕಳೆದ ಮೇಲೆ ಟ್ಯಾಂಕ್ ಬಸಿದು ಆ ಪೆಟ್ರೋಲನ್ನು ಸ್ಕೂಟರಿಗೆ ಹಾಕುತ್ತಾರೆ. ಆಯಿಲ್ ಮೊದಲ 20 ಗಂಟೆಗೆ ಒಮ್ಮೆ, ಆಮೇಲೆ 100 ಗಂಟೆಗೆ ಅಥವಾ ಆರು ತಿಂಗಳಿಗೆ.

ಜುಲೈನಲ್ಲಿ ಮೊದಲ ಬಾರಿ ಬೇಕಾದಾಗ ಜನರೇಟರ್ ಎರಡನೆಯ ಎಳೆತಕ್ಕೆ ಎದ್ದಿತು, ಫ್ರಿಜ್ ಓಡಿತು, ಬಲ್ಬು ಉರಿಯಿತು. ಇನ್ವರ್ಟರ್ ಮಾತ್ರ ಚಾರ್ಜ್ ತೆಗೆದುಕೊಳ್ಳಲೇ ಇಲ್ಲ, ಟಕ್ ಟಕ್ ಎಂದು ಒಳಗೆ ಹೊರಗೆ ಮಾಡುತ್ತಿತ್ತು. ಕಾರಣ ಅದರ ಬೆನ್ನಿಗಿದ್ದ ಸಣ್ಣ ಸ್ವಿಚ್. ಅದು ಯುಪಿಎಸ್ ಎಂಬಲ್ಲಿತ್ತು. ಆ ಸ್ಥಾನದಲ್ಲಿ ಇನ್ವರ್ಟರ್ ಕಂಪ್ಯೂಟರಿಗೆಂದು ಬಹಳ ನಾಜೂಕಾಗಿ, ಸುಮಾರು 180ರಿಂದ 260 ವೋಲ್ಟ್ ಒಳಗೆ, ಏರಿಳಿತವಿಲ್ಲದ ಕರೆಂಟನ್ನೇ ಕೇಳುತ್ತದೆ. ಫ್ರಿಜ್ ಏಳುವಾಗಿನ ಇಳಿತ ಕಂಡರೂ ಸಾಕು, ಕೈಬಿಡುತ್ತದೆ. ಸ್ವಿಚ್ಚನ್ನು ಇಕೋ ಕಡೆಗೆ ತಳ್ಳಿದ ಮೇಲೆ ಚಾರ್ಜಿಂಗ್ ದೀಪ ನಿಂತು ಉರಿಯಿತು.